ಡ್ಯೂಟಿ ಇಳಿದ ಮೇಲೆ ತೆರೆಯುವ ಆಪ್

ನರ್ಸ್‌ಗಳ ಸ್ಟ್ರೆಸ್ ಕಡಿಮೆ ಮಾಡುವ ಒಂದು ಆಪ್ ಬೇಕು ಎಂದು ನಮ್ಮನ್ನು ಕೇಳಿದವರು ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್. ಅವರ ತಲೆಯಲ್ಲಿ ಆಪ್ ಆಗಲೇ ಪೂರ್ತಿ ರೆಡಿ ಇತ್ತು. ಬೆಳಿಗ್ಗೆ ಎದ್ದ ತಕ್ಷಣ ಇವತ್ತು ಮನಸ್ಸು ಹೇಗಿದೆ ಅಂತ ಕೇಳಬೇಕು. ಐದು ಮುಖಗಳಲ್ಲಿ ಒಂದನ್ನು ಒತ್ತಬೇಕು. ಹತ್ತು ನಿಮಿಷ ಧ್ಯಾನ, ಹಿಂದೆ ಕೊಳಲು, ಕೊನೆಗೆ ಒಂದು ಒಳ್ಳೆ ಮಾತು. ಜೊತೆಗೆ ಅವರ ಕಂಪ್ಯೂಟರಿನಲ್ಲಿ ಒಂದು ಚಾರ್ಟು, ಯಾವ ವಾರ್ಡಿನಲ್ಲಿ ಎಷ್ಟು ಟೆನ್ಷನ್ ಇದೆ ಅಂತ ಕೆಂಪು, ಹಳದಿ, ಹಸಿರು ಬಣ್ಣದಲ್ಲಿ ತೋರಿಸುವಂಥದ್ದು.

ನಮ್ಮದು ಚಿಕ್ಕ ಜಾಗ. ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಹತ್ತಿರ ಮಹಡಿ ಮೇಲೆ ಮೂರು ಟೇಬಲ್ಲು. ನಾನು ಸ್ಕ್ರೀನ್ ಡಿಸೈನ್ ಮಾಡುತ್ತೇನೆ, ಇನ್ನಿಬ್ಬರು ಕೋಡ್ ಬರೆಯುತ್ತಾರೆ. ಅಲ್ಲಿವರೆಗೆ ನಾವು ಮಾಡಿದ್ದು ತಿಪಟೂರಿನ ಕೊಬ್ಬರಿ ವ್ಯಾಪಾರಿಗಳ ಬಿಲ್ಲಿಂಗು, ಟ್ಯೂಷನ್ ಸೆಂಟರಿನ ಹಾಜರಿ, ಇಂಥವೇ ಜಾಸ್ತಿ. ಆಸ್ಪತ್ರೆ ಒಳಗಿನ ಕೆಲಸ ನಮಗ್ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ನಾನು ಒಂದು ಷರತ್ತು ಹಾಕಿದೆ. ಮೊದಲು ವಾರ್ಡಿನಲ್ಲಿ ಕೂತು ನೋಡುತ್ತೇನೆ, ಆಮೇಲೆ ಡಿಸೈನ್ ಮಾತು. ಅವರು ಒಪ್ಪಿದರು. ಫೋಟೊ ತೆಗೆಯುವಂತಿಲ್ಲ, ಕೇಸ್ ಶೀಟ್ ಮುಟ್ಟುವಂತಿಲ್ಲ, ಪೇಷಂಟ್‌ಗಳನ್ನು ಏನೂ ಕೇಳುವಂತಿಲ್ಲ ಎಂದರು. ಸರಿ ಅಂದೆ.

ಮೆಡಿಕಲ್ ವಾರ್ಡಿನ ನರ್ಸಿಂಗ್ ಸ್ಟೇಷನ್ ಪಕ್ಕ ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ಅಲ್ಲಿ ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಿಗ್ಗೆ 8, ಹೀಗೆ ಮೂರು ಪಾಳಿ. ನೈಟ್ ಅಂದರೆ ಪೂರ್ತಿ ಹನ್ನೆರಡು ಗಂಟೆ. ನಾನು ಮೂರೂ ಪಾಳಿಯಲ್ಲಿ ಕೂತೆ.

ಮೊದಲು ಗಮನಕ್ಕೆ ಬಂದದ್ದು ಫೋನು. ಅದು ಯಾರ ಕೈಯಲ್ಲೂ ಇರುವುದೇ ಇಲ್ಲ. ಡ್ಯೂಟಿಗೆ ಬಂದವರು ಸೈಲೆಂಟ್ ಮಾಡಿ ಸ್ಟೇಷನ್ ಕೆಳಗಿನ ಡ್ರಾಯರಿಗೆ ಹಾಕುತ್ತಾರೆ. ಕೈಗೆ ಗ್ಲೌಸ್, ತೆಗೆದರೆ ಸ್ಯಾನಿಟೈಸರ್, ಮತ್ತೆ ಗ್ಲೌಸ್. ಇದರ ಮಧ್ಯೆ ಫೋನ್ ಮುಟ್ಟಿದರೆ ಇನ್‌ಫೆಕ್ಷನ್ ಕಂಟ್ರೋಲ್ ಸಿಸ್ಟರ್ ಬಯ್ಯುತ್ತಾರೆ. ಅದಕ್ಕಿಂತ ಹೆದರಿಕೆ ಪೇಷಂಟ್ ಕಡೆಯವರದು. "ನಮ್ಮಪ್ಪ ಇಲ್ಲಿ ನರಳ್ತಾವ್ರೆ, ಸಿಸ್ಟರ್ ನೋಡಿದ್ರೆ ಫೋನ್ ಹಿಡ್ಕೊಂಡು ಕೂತವ್ರೆ" ಅಂತ ಒಬ್ಬರು ಶುರು ಮಾಡಿದರೆ ಸಾಕು, ಪಕ್ಕದವರು ವಿಡಿಯೊ ಮಾಡುತ್ತಾರೆ. ಅಂದರೆ ಡ್ಯೂಟಿ ಹೊತ್ತಿನಲ್ಲಿ ಬಳಸುವ ಆಪ್ ಅನ್ನುವ ಯೋಚನೆ ಅಲ್ಲಿಗೇ ಬಿತ್ತು. ಫೋನ್ ಕೈಗೆ ಬರುವುದು ಸ್ಟಾಫ್ ರೂಮಿನ ಟೀ ಹೊತ್ತಿಗೆ, ಇಲ್ಲದಿದ್ದರೆ ಬಸ್ಸು, ರೈಲಿನಲ್ಲಿ.

ಒಂದು ಸಂಜೆ, 6ರ ಇಂಜೆಕ್ಷನ್ ಹೊತ್ತು. ಒಬ್ಬ ಸಿಸ್ಟರ್ ಟ್ರೇ ಹಿಡಿದು ಮೊದಲ ಬೆಡ್‌ನಿಂದ ಹೊರಟರು. ಎರಡನೇ ಬೆಡ್ ಮುಟ್ಟುವಷ್ಟರಲ್ಲಿ ಬಾಗಿಲ ಹತ್ತಿರದ ಅಜ್ಜನ ಡ್ರಿಪ್ ಖಾಲಿಯಾಗಿ ಮಗಳು ಓಡಿ ಬಂದಳು. ಅದನ್ನು ಬದಲಾಯಿಸಿ ಬಂದರೆ ಲ್ಯಾಬಿನಿಂದ ಫೋನು: ಸ್ಯಾಂಪಲ್ ಹೆಪ್ಪುಗಟ್ಟಿದೆ, ಮತ್ತೆ ಕಳಿಸಿ. ಅಷ್ಟರಲ್ಲಿ ಕ್ಯಾಷುವಾಲ್ಟಿಯಿಂದ ಹೊಸ ಅಡ್ಮಿಷನ್ ಸ್ಟ್ರೆಚರ್ ಮೇಲೆ ಬಂತು. ಡ್ಯೂಟಿ ಡಾಕ್ಟರ್ ಯಾವುದೋ ಬೆಡ್ಡಿನ ಶುಗರ್, ಅಂದರೆ ಜಿಆರ್‌ಬಿಎಸ್ ಎಷ್ಟು ಅಂತ ಕೇಳಿದರು. ಊಟದ ಕ್ಯಾರಿಯರ್ ತಂದವರು ಲಿಫ್ಟ್ ಎಲ್ಲಿ ಅಂತ ಕೇಳಿದರು. ಪ್ರತಿ ಸಲ ಟ್ರೇ ಹತ್ತಿರ ವಾಪಸ್ ಬಂದಾಗ ಆ ಸಿಸ್ಟರ್ ಒಂದು ಕ್ಷಣ ನಿಲ್ಲುತ್ತಿದ್ದರು. ಸಿರಿಂಜಿಗೆ ಅಂಟಿಸಿದ ಪ್ಲಾಸ್ಟರ್ ಮೇಲಿನ ಬರಹ ಓದಿ, ಬೆಡ್ ನಂಬರ್ ನೋಡಿ, ತುಟಿ ಅಲುಗಿಸುತ್ತಿದ್ದರು. ಏನು ಹೇಳಿಕೊಳ್ತಿದ್ರಿ ಅಂತ ಆಮೇಲೆ ಕೇಳಿದೆ.

"ಎಲ್ಲಿ ನಿಲ್ಲಿಸಿದ್ದೆ ಅಂತ ನೆನಪು ಮಾಡ್ಕೊಳ್ತಿದ್ದೆ ಅಷ್ಟೇ ಮೇಡಂ" ಎಂದರು.

ಭಾರತೀಯ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ಮೆಡಿಕಲ್ ಕಾಲೇಜಿನ ಆಸ್ಪತ್ರೆಯಾದರೆ ಮೂವರಿಗೆ ಒಬ್ಬರು. ನಾನು ಕೂತಿದ್ದ ವಾರ್ಡಿನಲ್ಲಿ ರಾತ್ರಿ ಹೊತ್ತು ಮೂವತ್ತರ ಹತ್ತಿರ ಬೆಡ್ಡು, ಇಬ್ಬರು ಸಿಸ್ಟರ್, ಒಬ್ಬ ಆಯಾ. ಹೈವೇ ಪಕ್ಕದ ಊರು ಬೇರೆ. 48ನೇ ನಂಬರಿನ ಹೆದ್ದಾರಿಯಲ್ಲಿ ರಾತ್ರಿ ಏನಾದರೂ ಆದರೆ ಒಂದೇ ಸಲ ನಾಲ್ಕೈದು ಜನ ಬರುತ್ತಾರೆ, ಆಗ ವಾರ್ಡಿನಿಂದ ಒಬ್ಬರನ್ನು ಕೆಳಗೆ ಕರೆಸಿಕೊಳ್ಳುತ್ತಾರೆ. ಉಳಿದವರು ಒಬ್ಬರೇ. ಇಂಥ ಜಾಗಕ್ಕೆ ಕೊಳಲು, ಧ್ಯಾನ ಅಂತ ಹೋದರೆ ಅದು ಅವರನ್ನು ಅಣಕಿಸಿದ ಹಾಗೆ ಅಲ್ವಾ?

ಸ್ಟಾಫ್ ರೂಮಿನಲ್ಲಿ ಮಾತು ಸಿಕ್ಕಿದ್ದು ತಟ್ಟೆ ಇಡ್ಲಿ ಪಾರ್ಸಲ್ ಬಿಚ್ಚಿದಾಗ. ಅದಕ್ಕೆ ಮುಂಚೆ ನಾನು ಪ್ರಶ್ನೆ ಪಟ್ಟಿ ಹಿಡಿದು ಹೋದಾಗ ಎಲ್ಲರೂ "ಏನಿಲ್ಲ ಮೇಡಂ, ಚೆನ್ನಾಗಿದೆ" ಅನ್ನುತ್ತಿದ್ದರು. ಸೂಪರಿಂಟೆಂಡೆಂಟ್ ಕಡೆಯವಳು ಅಂತ ಅನುಮಾನ. ಇಡ್ಲಿ ತಿನ್ನುತ್ತಾ ಒಬ್ಬೊಬ್ಬರೇ ಬಾಯಿ ಬಿಟ್ಟರು. ಮಧುಗಿರಿಯಿಂದ ದಿನಾ ಓಡಾಡುವ ಒಬ್ಬ ಸಿಸ್ಟರ್ ಹೇಳಿದರು: "ಪೇಷಂಟ್ ತೀರಿಕೊಂಡ್ರೆ ಅಳು ಬರುತ್ತೆ. ಅತ್ತರೆ ಸ್ವಲ್ಪ ಹಗುರ ಆಗುತ್ತೆ. ಆದ್ರೆ ನಿಮ್ಮಿಂದಾನೇ ಹಿಂಗಾಯ್ತು ಅಂತ ಯಾರಾದ್ರೂ ಅಂದ್ಬಿಟ್ರೆ, ಅದು ವಾರಗಟ್ಟಲೆ ಹೋಗಲ್ಲ." ಇನ್ನೊಬ್ಬರು ಡಬಲ್ ಡ್ಯೂಟಿ ವಿಷಯ ತೆಗೆದರು. ಮಧ್ಯಾಹ್ನದ ಡ್ಯೂಟಿ ಮುಗಿಸಿ ಬ್ಯಾಗ್ ತಗೊಂಡು ಹೊರಟಾಗ, ನೈಟ್‌ನವರು ಬಂದಿಲ್ಲ, ಕಂಟಿನ್ಯೂ ಮಾಡಿ ಅನ್ನುವುದು. ಮನೆಯಲ್ಲಿ ಮಗುವಿಗೆ ಏನು ಹೇಳಬೇಕು?

ತಿಪಟೂರಿನಿಂದ ರೈಲಿನಲ್ಲಿ ಬರುವ ಒಬ್ಬ ಬ್ರದರ್, ಅಂದರೆ ಗಂಡು ನರ್ಸ್, ಇದ್ದಾರೆ. ಮಾತು ಕಡಿಮೆ. ಅವರು ಹೇಳಿದ್ದು ಬೇರೆ ಥರ ಇತ್ತು. "ರೈಲು ಗುಬ್ಬಿ ದಾಟೋದ್ರೊಳಗೆ ಒಂದ್ಸಲ ವಾರ್ಡಿಗೆ ಫೋನ್ ಮಾಡಿರ್ತೀನಿ. ಹತ್ತನೇ ಬೆಡ್ ಇನ್ಸುಲಿನ್ ಕೊಟ್ಟಿದ್ದು ಬರೆದ್ನಾ ನೋಡಿ ಅಂತ. ಬರೆದೇ ಇರ್ತೀನಿ. ಆದ್ರೂ ಮಾಡ್ತೀನಿ."

ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರದೂ ಅದೇ ಕಥೆ ಬಂತು. ಒಬ್ಬರು ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಕೇಳುತ್ತಾರೆ. ಒಬ್ಬರಿಗೆ ಅರ್ಧ ನಿದ್ದೆಯಲ್ಲಿ ಎಚ್ಚರ ಆಗುತ್ತದೆ: ಬ್ಲಡ್ ಸ್ಯಾಂಪಲ್ ಕಳಿಸಿದ್ನಾ, ಟ್ರೇನಲ್ಲೇ ಬಿಟ್ನಾ? ಗಂಡ ಬಯ್ಯುತ್ತಾರಂತೆ, ಆಸ್ಪತ್ರೆನೇ ಮನೆಗೆ ತಂದಿದ್ದೀಯ ಅಂತ.

ಆಪ್ ಕೈಲಿ ಆಗುವ ಕೆಲಸ ಇದೊಂದೇ ಅಂತ ನನಗೆ ಆಗ ಅನ್ನಿಸಿತು. ಸಿಸ್ಟರ್‌ಗಳ ಸಂಖ್ಯೆ ಜಾಸ್ತಿ ಮಾಡಲು ಆಪ್‌ಗೆ ಆಗಲ್ಲ. ಕೂಗಾಡುವವರ ಬಾಯಿ ಮುಚ್ಚಿಸಲು ಆಗಲ್ಲ. ಡ್ಯೂಟಿ ಇಳಿದವರ ತಲೆಯಿಂದ ಡ್ಯೂಟಿಯನ್ನು ಇಳಿಸಲು ಸ್ವಲ್ಪ ಸಹಾಯ ಮಾಡಬಹುದು, ಅಷ್ಟೇ.

ನಮ್ಮ ಆಫೀಸಿನಲ್ಲಿ ಇದಕ್ಕೆ ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ಕೋಡ್ ಬರೆಯುವ ಹುಡುಗ ತುಂಬಾ ಓದಿಕೊಂಡಿದ್ದ. ಮೊದಲು ಅಳತೆ ಬೇಕು ಅಂತ ಅವನ ವಾದ. ಶೆಲ್ಡನ್ ಕೋಹೆನ್ ಮತ್ತು ಜೊತೆಯವರು 1983ರಲ್ಲಿ ಮಾಡಿದ ಸ್ಟ್ರೆಸ್ ಪ್ರಶ್ನಾವಳಿ ಇದೆ, ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಮಾಡಿದ 22 ಪ್ರಶ್ನೆಗಳ ಬರ್ನೌಟ್ (ಕೆಲಸದಿಂದ ಪೂರ್ತಿ ಬಸವಳಿಯುವುದು) ಪಟ್ಟಿ ಇದೆ. ಎರಡನೆಯದಕ್ಕೆ ದುಡ್ಡು ಕೊಟ್ಟು ಲೈಸೆನ್ಸ್ ತಗೋಬೇಕು, ಅದು ಬೇರೆ ಮಾತು. ನಾನು ಕೇಳಿದ್ದು ಇಷ್ಟೇ: ಅಂಕ ಬಂದ ಮೇಲೆ ಆಪ್ ಏನು ಮಾಡುತ್ತದೆ? ನಿಮಗೆ ಸ್ಟ್ರೆಸ್ ಜಾಸ್ತಿ ಇದೆ ಅಂತ ಹೇಳುತ್ತದೆ. ಅದು ಅವರಿಗೆ ಗೊತ್ತಿಲ್ವಾ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್ ಅನ್ನು ಕಾಯಿಲೆಗಳನ್ನು ವಿಂಗಡಿಸುವ ತನ್ನ ಐಸಿಡಿ-11 ಪಟ್ಟಿಯಲ್ಲಿ ವಿವರಿಸುವಾಗ ಅದನ್ನು ಕಾಯಿಲೆ ಎಂದು ಕರೆಯಲಿಲ್ಲ, ಕೆಲಸದ ಜಾಗಕ್ಕೆ ಸಂಬಂಧಿಸಿದ ತೊಂದರೆ ಎಂದಿತು. ಕೆಲಸದ ಜಾಗದ ತೊಂದರೆಗೆ ಸಿಸ್ಟರ್ ಕೈಯಲ್ಲಿ ಪರೀಕ್ಷೆ ಬರೆಸುವುದು ನನಗೆ ಸರಿ ಕಾಣಲಿಲ್ಲ. ಪ್ರಶ್ನಾವಳಿ ಕೈಬಿಟ್ಟೆವು.

ಗ್ಲೌಸ್ ಬಾಕ್ಸಿನ ರಟ್ಟನ್ನು ಫೋನ್ ಅಳತೆಗೆ ಕತ್ತರಿಸಿ, ಅದರ ಮೇಲೆ ಪೆನ್ಸಿಲ್‌ನಲ್ಲಿ ಸ್ಕ್ರೀನ್ ಬರೆದು ಸ್ಟಾಫ್ ರೂಮಿಗೆ ತಗೊಂಡು ಹೋಗುತ್ತಿದ್ದೆ. ರಟ್ಟಿನ ಒಂದು ಲಾಭ ಏನಂದರೆ, ಜನ ಸಂಕೋಚ ಇಲ್ಲದೆ ಬಯ್ಯುತ್ತಾರೆ. ಕಂಪ್ಯೂಟರಿನಲ್ಲಿ ಚೆಂದ ಮಾಡಿಕೊಂಡು ಹೋದರೆ "ಸೂಪರ್ ಮೇಡಂ" ಅಂದುಬಿಡುತ್ತಾರೆ. ಸೂಪರಿಂಟೆಂಡೆಂಟ್ ಹೇಳಿದ ಐದು ಮುಖಗಳನ್ನೂ ಬರೆದುಕೊಂಡು ಹೋಗಿದ್ದೆ. ಒಬ್ಬರು ಅಳುವ ಮುಖ ಒತ್ತಿ, "ಈಗ ಏನಾಗುತ್ತೆ?" ಅಂದರು. ಬೇಜಾರಾಗಿದ್ದೀರಿ ಅಂತ ಸೇವ್ ಆಗುತ್ತೆ ಅಂದೆ. "ಸೇವ್ ಮಾಡಿ ಏನ್ ಮಾಡ್ಲಿ?" ಅಂದರು. ಮುಖಗಳು ಹೋದವು. ನೀರು ಕುಡಿಯಿರಿ ಎಂದು ನೆನಪಿಸುವ ಗಂಟೆಯೂ ಹೋಯಿತು. ನೀರು ಕುಡಿದರೆ ಬಾತ್‌ರೂಮಿಗೆ ಹೋಗಬೇಕು, ಹೋಗಲು ಟೈಮ್ ಎಲ್ಲಿದೆ ಅಂತಲೇ ಎಷ್ಟೋ ಜನ ನೀರು ಕುಡಿಯದೆ ಇರುವುದು.

ಉಸಿರಾಟದ್ದು ಉಳಿಯಿತು, ಆದರೆ ಒಂದೇ ನಿಮಿಷದ್ದು. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಹಾಗೆ ಮಾಡಿದರೆ ನಿಮಿಷಕ್ಕೆ ಆರು ಉಸಿರು. ನಿಧಾನವಾಗಿ ಉಸಿರು ಬಿಟ್ಟಾಗ ಎದೆ ಬಡಿತ ಇಳಿಯುತ್ತದೆ ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರು ಕೇಳಿದ್ದು ಇಷ್ಟೇ, ಶಬ್ದ ಬೇಡ, ಸ್ಕ್ರೀನ್ ನೋಡುವ ಹಾಗೆ ಬೇಡ. "ಒಬ್ಬಳೇ ಇರೋದು ಬಾತ್‌ರೂಮಿನಲ್ಲಿ ಮಾತ್ರ, ಅಲ್ಲಿ ಕೊಳಲು ಹಾಕ್ಲಾ?" ಅಂತ ಒಬ್ಬರು ಕೇಳಿದರು. ಅದಕ್ಕೇ ಅದನ್ನು ವೈಬ್ರೇಷನ್ ಮೇಲೆ ಮಾಡಿದೆವು. ಕೈಯಲ್ಲಿ ಫೋನ್ ಸಣ್ಣಗೆ ಮಿಡಿದರೆ ಉಸಿರು ಒಳಗೆ, ನಿಂತರೆ ಹೊರಗೆ.

ಆಪ್‌ನ ಮುಖ್ಯ ಪುಟ ಮಾತ್ರ 'ಡ್ಯೂಟಿ ಇಳಿದೆ'. ಅದನ್ನು ಕಟ್ಟಿದ್ದು ನರ್ಸ್‌ಗಳೇ. ಹ್ಯಾಂಡೋವರ್ ಹೊತ್ತಿಗೆ, ಅಂದರೆ ಮುಂದಿನ ಪಾಳಿಯವರಿಗೆ ವಾರ್ಡ್ ಒಪ್ಪಿಸುವಾಗ, ಏನೇನು ಹೇಳಬೇಕು ಎನ್ನುವುದಕ್ಕೆ ಎಸ್‌ಬಿಎಆರ್ ಎಂಬ ಕ್ರಮ ಇದೆ: ಪರಿಸ್ಥಿತಿ, ಹಿನ್ನೆಲೆ, ಅಂದಾಜು, ಸಲಹೆ. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗಳಿಗೆ ಬಂದದ್ದು, ನರ್ಸಿಂಗ್ ಕಾಲೇಜಿನಲ್ಲಿ ಎಲ್ಲರೂ ಓದಿರುತ್ತಾರೆ. ಅದು ಪೇಷಂಟ್ ಬಗ್ಗೆ. ನಮಗೆ ಬೇಕಿದ್ದದ್ದು ಹೇಳುವವರ ಮನಸ್ಸಿಗೆ ಸಮಾಧಾನ ಕೊಡುವ ಪಟ್ಟಿ. ಬಸ್ಸಿನಲ್ಲಿ ತಲೆ ತಿನ್ನುವ ವಿಷಯ ಯಾವ್ಯಾವುದು ಅಂತ ಕೇಳಿ ಬರೆದುಕೊಂಡೆ. ಕೊಟ್ಟ ಇಂಜೆಕ್ಷನ್ ಎಲ್ಲ ಬರೆದೆ. ನಡೆಯುತ್ತಿರುವ ಡ್ರಿಪ್ ಹೇಳಿದೆ. ಸ್ಯಾಂಪಲ್ ಕಳಿಸಿದೆ. ಡಾಕ್ಟರ್ ಬಾಯಲ್ಲಿ ಹೇಳಿದ ಆರ್ಡರ್ ಕೇಸ್ ಶೀಟಿಗೆ ಹತ್ತಿಸಿದೆ. ಬೀಗದ ಕೈ ಕೊಟ್ಟೆ. ಈ ಕೊನೆಯದು ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಸೇರಿಸಿದ್ದು. ಔಷಧಿ ಬೀರುವಿನ ಬೀಗದ ಕೈ ಯಾರದೋ ಏಪ್ರನ್ ಜೇಬಿನಲ್ಲಿ ಕುಣಿಗಲ್‌ವರೆಗೆ ಹೋಗಿ, ಅದನ್ನು ತರಲು ಬೈಕ್ ಓಡಿಸಿದ ಪ್ರಸಂಗ ಅಲ್ಲಿ ಎಲ್ಲರಿಗೂ ನೆನಪಿದೆ.

ವಾರ್ಡ್ ಬಿಡುವ ಮುಂಚೆ, ಫೋನ್ ಡ್ರಾಯರಿನಿಂದ ತೆಗೆದಾಗ, ಈ ಐದನ್ನೂ ಒತ್ತಬೇಕು. ಒಂದು ಮರೆತಿದ್ದರೆ ಅಲ್ಲೇ ಇದ್ದೀರಿ, ತಿರುಗಿ ಹೋಗಿ ಹೇಳಬಹುದು. ಒತ್ತಿದ ಹೊತ್ತು ಉಳಿಯುತ್ತದೆ. ಆಮೇಲೆ ರೈಲಿನಲ್ಲಿ ಅನುಮಾನ ಬಂದು ತೆರೆದರೆ ದೊಡ್ಡ ಅಕ್ಷರದಲ್ಲಿ ಕಾಣುತ್ತದೆ: ಇಂಜೆಕ್ಷನ್ ಎಲ್ಲ ಬರೆದೆ, 8:14. ಅಷ್ಟೇ. ಅದರ ಕೆಳಗೆ ಶಭಾಷ್ ಇಲ್ಲ, ಹೂವು ಇಲ್ಲ.

ಟೈಪ್ ಮಾಡುವ ಜಾಗ ಕೊಡಿ ಅಂತ ಸುಮಾರು ಜನ ಕೇಳಿದರು. ಅಲ್ಲಿ ಎಳೆದಾಟ ಆಯಿತು. ಜಾಗ ಕೊಟ್ಟರೆ ಪೇಷಂಟ್ ಹೆಸರು, ಕಾಯಿಲೆ ಎಲ್ಲ ಬಂದು ಕೂರುತ್ತದೆ. ಫೋನ್ ಕಳೆದರೆ, ಮನೆಯಲ್ಲಿ ಮಗ ತೆರೆದರೆ? ಕೊನೆಗೆ ಬೆಡ್ ನಂಬರ್ ಮಾತ್ರ ಹಾಕಬಹುದು, ಅದೂ ಹನ್ನೆರಡು ಗಂಟೆಯಲ್ಲಿ ತಾನೇ ಅಳಿಸಿಹೋಗುತ್ತದೆ ಎಂದು ರಾಜಿಯಾದೆವು. ಆಪ್‌ನಲ್ಲಿ ಎಲ್ಲೂ ಕೀಬೋರ್ಡ್ ಬರುವುದಿಲ್ಲ, ನಂಬರ್ ಮಾತ್ರ.

ಇನ್ನೊಂದು ವಿಷಯ ಇನ್‌ಚಾರ್ಜ್ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ನೋಡಮ್ಮ, ಇವರು ಫೋನ್ ಮಾಡೋದನ್ನ ಪೂರ್ತಿ ನಿಲ್ಲಿಸೋ ಹಾಗೆ ಏನೂ ಮಾಡ್ಬೇಡ. ನಿಜವಾಗಿ ಮರೆತಿರೋದೂ ಇರುತ್ತೆ. ಹತ್ತು ಸಲ ಸುಮ್ನೆ ಫೋನ್ ಬಂದ್ರೂ ಪರವಾಗಿಲ್ಲ, ಹನ್ನೊಂದನೇದು ಬರ್ಲೇಬೇಕು." ಇಪ್ಪತ್ತು ವರ್ಷಕ್ಕೂ ಮೇಲೆ ವಾರ್ಡ್ ನೋಡಿದವರು. ಅದಕ್ಕೇ ಆ ಪುಟದ ಕೆಳಗೆ 'ವಾರ್ಡಿಗೆ ಫೋನ್' ಅನ್ನುವ ಗುಂಡಿ ದೊಡ್ಡದಾಗಿ ಇದೆ. ಎಷ್ಟು ಸಲ ಒತ್ತಿದಿರಿ ಅಂತ ಅದು ಲೆಕ್ಕ ಇಡುವುದಿಲ್ಲ.

ಈಗ ಚಾರ್ಟಿನ ವಿಷಯ. ಸೂಪರಿಂಟೆಂಡೆಂಟ್ ಅದನ್ನು ಬಿಡಲು ತಯಾರಿರಲಿಲ್ಲ. ಅವರ ಉದ್ದೇಶ ಕೆಟ್ಟದ್ದೇನಲ್ಲ. "ಯಾವ ವಾರ್ಡಿಗೆ ಕಷ್ಟ ಜಾಸ್ತಿ ಅಂತ ಗೊತ್ತಾದ್ರೆ ಮ್ಯಾನೇಜ್‌ಮೆಂಟ್ ಹತ್ರ ಜನ ಕೇಳಬಹುದು ಅಲ್ವೇನಮ್ಮ?" ಎಂದರು. ಹೆಸರು ತೆಗೆದು ವಾರ್ಡ್ ಲೆಕ್ಕ ಮಾತ್ರ ಕೊಡಿ ಎಂದರು. ನಾನು ಪೇಪರ್ ಮೇಲೆ ಬರೆದು ತೋರಿಸಿದೆ. ನೈಟ್‌ನಲ್ಲಿ ಇಬ್ಬರಿದ್ದಾರೆ. ಆ ಪಾಳಿ ಕೆಂಪು ಬಂತು. ಒಬ್ಬರು ನಾನಲ್ಲ ಅಂದರೆ ಇನ್ನೊಬ್ಬರು ಯಾರು ಅಂತ ಹೇಳಲು ಹೆಸರು ಬೇಕಾ? ಮತ್ತೆ, ಮೇಲಿನವರು ನೋಡುತ್ತಾರೆ ಅಂತ ಗೊತ್ತಾದ ದಿನದಿಂದ ಎಲ್ಲರೂ ಹಸಿರೇ ಒತ್ತುತ್ತಾರೆ. ಕಾಂಟ್ರ್ಯಾಕ್ಟ್ ಮೇಲೆ ಇರುವವರಂತೂ ಕಣ್ಣು ಮುಚ್ಚಿ ಹಸಿರು ಒತ್ತುತ್ತಾರೆ. ಆಗ ಆ ಚಾರ್ಟು ಮ್ಯಾನೇಜ್‌ಮೆಂಟಿಗೆ ಹೇಳುವುದು ಒಂದೇ: ಎಲ್ಲ ಚೆನ್ನಾಗಿದೆ, ಜನ ಬೇಡ. ಈ ಕೊನೆಯ ಮಾತಿಗೆ ಅವರು ಸುಮ್ಮನಾದರು.

ಕಾನೂನಿನ ಮಾತೂ ಎತ್ತಿದೆವು. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಒಪ್ಪಿಗೆ ಮುಕ್ತವಾಗಿ ಕೊಟ್ಟದ್ದಾಗಿರಬೇಕು ಎಂದಿದೆ. ಸಂಬಳ ಕೊಡುವವರು ಕೇಳಿದಾಗ ಸಿಸ್ಟರ್ ಎಷ್ಟು ಮುಕ್ತವಾಗಿ ಬೇಡ ಅನ್ನಬಲ್ಲರು? ನಾವು ಸರ್ವರ್ ಇಡದೆಯೇ ಕೆಲಸ ಮುಗಿಸಿದೆವು. ಲಾಗಿನ್ ಇಲ್ಲ, ಮೊಬೈಲ್ ನಂಬರ್ ಕೇಳುವುದಿಲ್ಲ, ಇಂಟರ್‌ನೆಟ್ ಪರ್ಮಿಷನ್ನೇ ಇಲ್ಲ. ಎಲ್ಲ ಅವರವರ ಫೋನಿನಲ್ಲೇ. ಇದರಿಂದ ನಮಗೆ ಒಂದು ನಷ್ಟ ಇದೆ: ಎಷ್ಟು ಜನ ಬಳಸುತ್ತಿದ್ದಾರೆ ಅಂತ ನಮಗೇ ಗೊತ್ತಾಗಲ್ಲ. ಸ್ಟಾಫ್ ರೂಮಿಗೆ ಹೋಗಿ ಕೇಳಬೇಕು.

ಕೋಡಿಂಗ್ ಭಾಗ ಬೇಗ ಹೇಳಿ ಮುಗಿಸುತ್ತೇನೆ. ಫ್ಲಟರ್ ಎಂಬ ಆಪ್ ಕಟ್ಟುವ ಸಲಕರಣೆಯಲ್ಲಿ ಬರೆದೆವು, ಹಳೇ ಆಂಡ್ರಾಯ್ಡ್ ಫೋನಿನಲ್ಲೂ ಓಡಬೇಕಿತ್ತು. ಜಾಸ್ತಿ ಕಾಡಿದ್ದು ಕನ್ನಡದ ಒತ್ತಕ್ಷರ. ಇಂಗ್ಲಿಷ್ ಅಳತೆಗೆ ಇಟ್ಟ ಗುಂಡಿಯಲ್ಲಿ ಸಾಲಿನ ಎತ್ತರ ಸಾಲದೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತಿತ್ತು. 'ಸ್ಟ್ರೆಸ್' ಅಂತ ಬರೆದ ಗುಂಡಿಯಲ್ಲಿ ಟ ಒತ್ತು, ರ ಒತ್ತು ಎರಡೂ ಮಾಯವಾಗಿ 'ಸೆಸ್' ಉಳಿದಿತ್ತು. "ಇದಕ್ಕೂ ಸೆಸ್ ಹಾಕಿದ್ರಾ?" ಅಂತ ಆ ತಿಪಟೂರಿನ ಬ್ರದರ್ ಕೇಳಿದರು. ಅವರು ಜೋಕ್ ಮಾಡಿದ್ದನ್ನು ಅವತ್ತೇ ನೋಡಿದ್ದು ಅಂತ ಉಳಿದವರು ಹೇಳಿದರು. ಸಾಲಿನ ಎತ್ತರ ಹೆಚ್ಚಿಸಿ, ಗುಂಡಿಯ ಮೇಲಿನ ಮಾತುಗಳನ್ನು ಚಿಕ್ಕದು ಮಾಡಿದೆವು.

ಗಂಟೆ ಹೊಡೆಯುವುದು ಇನ್ನೊಂದು ತಲೆನೋವು. ಡ್ಯೂಟಿ ಮುಗಿಯುವ ಹೊತ್ತಿಗೆ ಒಂದು ನೆನಪಿನ ಸೂಚನೆ ಬರಬೇಕು. ಆಂಡ್ರಾಯ್ಡ್ 13ರಿಂದ ನೋಟಿಫಿಕೇಷನ್‌ಗೆ ಬಳಸುವವರ ಅನುಮತಿ ಕೇಳಲೇಬೇಕು. ಜೊತೆಗೆ ಕೆಲವು ಫೋನುಗಳು ಬ್ಯಾಟರಿ ಉಳಿಸುವ ನೆಪದಲ್ಲಿ ಆಪ್ ಅನ್ನೇ ಮಲಗಿಸಿಬಿಡುತ್ತವೆ. ಅದನ್ನು ಸರಿ ಮಾಡಲು ಸೆಟ್ಟಿಂಗ್ಸ್ ಒಳಗೆ ಹೋಗಿ ಒಬ್ಬೊಬ್ಬರ ಫೋನೂ ಕೈಯಲ್ಲಿ ಹಿಡಿದು ಕೂತೆವು.

ಪ್ಲೇ ಸ್ಟೋರ್‌ಗೆ ಹಾಕುವಾಗ ಒಂದು ನಿಯಮ ಎದುರಾಯಿತು. ನಮ್ಮ ಹುಡುಗನ ಸ್ವಂತ ಹೆಸರಿನ ಹೊಸ ಅಕೌಂಟು. 2023ರ ನವೆಂಬರ್ 13ರ ನಂತರ ತೆರೆದ ಅಂಥ ಅಕೌಂಟುಗಳು ಆಪ್ ಬಿಡುಗಡೆ ಮಾಡುವ ಮುಂಚೆ ಕನಿಷ್ಠ 12 ಜನರ ಹತ್ತಿರ ಸತತ 14 ದಿನ ಪರೀಕ್ಷೆ ನಡೆಸಬೇಕು. ಮೊದಲು 20 ಜನ ಅಂತ ಇತ್ತು, ಆಮೇಲೆ ಇಳಿಸಿದರು. ಸ್ಟಾಫ್ ರೂಮಿನವರೆಲ್ಲ ಸೇರಿಕೊಂಡರು. ನಡುವೆ ಫೋನಿನಲ್ಲಿ ಜಾಗ ಇಲ್ಲ ಅಂತ ಯಾರೂ ಆಪ್ ತೆಗೆಯದ ಹಾಗೆ ಕಾಯುವುದೇ ಒಂದು ಡ್ಯೂಟಿ. ಮಧುಗಿರಿ ಸಿಸ್ಟರ್ ಅದನ್ನು ವಹಿಸಿಕೊಂಡು, ದಿನಾ ಗ್ರೂಪಿನಲ್ಲಿ "ಯಾರೂ ಡಿಲೀಟ್ ಮಾಡಬಾರ್ದು" ಅಂತ ಹಾಕುತ್ತಿದ್ದರು.

ಆಪ್ ಬಳಸಲು ಸುಲಭ ಇದೆಯಾ ಅಂತ ತಿಳಿಯಲು ಜಾನ್ ಬ್ರೂಕ್ 1986ರಲ್ಲಿ ಮಾಡಿದ ಹತ್ತು ಪ್ರಶ್ನೆಗಳ ಪಟ್ಟಿ ಇದೆ, ಡಿಸೈನ್ ಕೆಲಸದವರೆಲ್ಲ ಬಳಸುತ್ತಾರೆ. ನೂರಕ್ಕೆ 68 ಸರಾಸರಿ ಅನ್ನುತ್ತಾರೆ. ನಾವೂ ಕನ್ನಡದಲ್ಲಿ ಮಾಡಿ ಕೊಟ್ಟೆವು. ಸಿಸ್ಟರ್‌ಗಳು ನಮ್ಮ ಮೇಲಿನ ಪ್ರೀತಿಗೆ ಎಲ್ಲದಕ್ಕೂ 5 ಹಾಕಿದರು. ಆ ಪಟ್ಟಿಯಲ್ಲಿ ಒಂದು ಪ್ರಶ್ನೆ ಹೊಗಳುವಂಥದ್ದು, ಮುಂದಿನದು ತೆಗಳುವಂಥದ್ದು. ಎಲ್ಲಕ್ಕೂ 5 ಹಾಕಿದರೆ ಅಂಕ ಬರುವುದು ಬರೀ 50. ಹುಡುಗ ತಲೆ ಮೇಲೆ ಕೈ ಹೊತ್ತು ಕೂತ. ಇಡ್ಲಿ ಪಾರ್ಸಲ್ಲೇ ವಾಸಿ ಅಂತ ನಾನು ಹೇಳಿದೆ.

ನೈಟ್ ಇಳಿದವರ ನಿದ್ದೆಗೆ ನಾವು ಹೆಚ್ಚೇನೂ ಮಾಡಲಿಲ್ಲ. ರೂಮ್ ಕತ್ತಲೆ ಮಾಡಿ, ಕಾಫಿ ಬೇಡ ಅನ್ನುವ ಬುದ್ಧಿಮಾತು ಅವರಿಗೆ ಬೇಕಿರಲಿಲ್ಲ. ಅವರ ಕಷ್ಟ ಬೇರೆ. ಹಗಲು ಮಲಗಿದರೆ ಮನೆಗೆ ಬಂದವರು ಏನೋ ಅಂದುಕೊಳ್ಳುತ್ತಾರೆ, ಅತ್ತೆ ಕುಕ್ಕರ್ ಇಡು ಅನ್ನುತ್ತಾರೆ, ನಾದಿನಿ ಫೋನ್ ಮಾಡುತ್ತಾರೆ. ಒಂದು ಗುಂಡಿ ಒತ್ತಿದರೆ ಮನೆಯವರ ವಾಟ್ಸಾಪ್ ಗ್ರೂಪಿಗೆ "ನೈಟ್ ಡ್ಯೂಟಿ ಮುಗಿಸಿ ಮಲಗಿದ್ದೀನಿ, 2 ಗಂಟೆವರೆಗೆ ಎಬ್ಬಿಸಬೇಡಿ" ಅಂತ ಹೋಗುವ ಹಾಗೆ ಮಾಡಿದೆವು. ಬಾಯಲ್ಲಿ ಹೇಳಿದರೆ ಸೊಸೆ ಮಾತು, ಫೋನಿನಲ್ಲಿ ಬಂದರೆ ಆಸ್ಪತ್ರೆ ಮಾತು ಅನ್ನಿಸುತ್ತದಂತೆ. ಆಪ್‌ನಲ್ಲಿ ಜನ ಒಬ್ಬರಿಗೊಬ್ಬರು ತೋರಿಸಿ ಹಂಚಿಕೊಂಡದ್ದು ಇದನ್ನೇ ಜಾಸ್ತಿ.

ಒಂದು ಪುಟ ಮಾತ್ರ ಯಾವ ತಮಾಷೆಯೂ ಇಲ್ಲದೆ ಮಾಡಿದ್ದು. ನಿಜವಾಗಿ ತಡೆಯಲಾಗದಷ್ಟು ಆದಾಗ ಆಪ್ ಸಾಕಾಗುವುದಿಲ್ಲ, ಮನುಷ್ಯರ ಜೊತೆ ಮಾತಾಡಬೇಕು ಎಂದು ಅಲ್ಲಿ ನೇರವಾಗಿ ಬರೆದಿದ್ದೇವೆ. ಟೆಲಿ ಮಾನಸ್‌ನ 14416 ನಂಬರ್ ಅಲ್ಲಿದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಮಾನಸಿಕ ಆರೋಗ್ಯದ ಉಚಿತ ಫೋನ್ ಸೇವೆ ಇದು. ಇಡೀ ದೇಶಕ್ಕೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಹಗಲು ಸಿಗುತ್ತದೆ. ಪೇಷಂಟ್‌ಗಳಿಗೆ ಆ ನಂಬರ್ ಬರೆದುಕೊಟ್ಟ ಸಿಸ್ಟರ್‌ಗಳಿದ್ದಾರೆ. ತಾವೇ ಫೋನ್ ಮಾಡಬಹುದು ಅಂತ ಅವರಿಗೆ ಹೊಳೆದಿರಲಿಲ್ಲ. ಅದೇ ಪುಟದಲ್ಲಿ ಯಾರಾದರೂ ಕೈ ಮಾಡಲು ಬಂದರೆ 112, ಮತ್ತು ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದ ಕಾನೂನಿದೆ, ನರ್ಸ್‌ಗಳೂ ಅದರಲ್ಲಿ ಬರುತ್ತಾರೆ ಅನ್ನುವ ಎರಡು ಸಾಲು.

ಕೊನೆಗೆ ಸೇರಿದ್ದು 'ಡ್ಯೂಟಿ ಲೆಕ್ಕ'. ಇದು ನಮ್ಮ ಪ್ಲಾನಿನಲ್ಲಿ ಇರಲಿಲ್ಲ. ಡಬಲ್ ಡ್ಯೂಟಿ ಮಾಡಿದ ದಿನ, ವಾರದ ಆಫ್ ಸಿಗದ ದಿನ, ಊಟ ತಪ್ಪಿದ ದಿನ, ಮೂರು ಗುರುತು ಕ್ಯಾಲೆಂಡರ್ ಮೇಲೆ. ತಿಂಗಳ ಕೊನೆಗೆ ಒಂದು ಚಿತ್ರವಾಗಿ ಉಳಿಸಿಕೊಳ್ಳಬಹುದು. ಯಾರಿಗೆ ತೋರಿಸಬೇಕು ಅನ್ನುವುದು ಅವರ ಇಷ್ಟ. ಒಂದು ತಿಂಗಳು ಮುಗಿದ ಮೇಲೆ ಮೆಡಿಕಲ್ ವಾರ್ಡಿನ ಕೆಲವರು ತಮ್ಮ ತಮ್ಮ ಚಿತ್ರ ಪ್ರಿಂಟ್ ಹಾಕಿಸಿ, ಎಲ್ಲ ಸೇರಿಸಿ ಪಿನ್ ಮಾಡಿ ಸೂಪರಿಂಟೆಂಡೆಂಟ್ ಟೇಬಲ್ ಮೇಲೆ ಇಟ್ಟರು. ಅವರು ನನಗೆ ಫೋನ್ ಮಾಡಿ, "ನಾನು ಕೇಳಿದ ಚಾರ್ಟು ಇದೇ ಅಲ್ವಾ?" ಅಂತ ನಕ್ಕರು. ಹೌದು ಮೇಡಂ, ಆದರೆ ಅವರಾಗೇ ತಂದು ಕೊಟ್ಟಿದ್ದು ಅಂದೆ.

ಅದನ್ನು ಇಟ್ಟುಕೊಂಡು ಅವರು ಮಾಡಿದ ಒಂದು ಬದಲಾವಣೆ ನಿಂತಿದೆ. ದೂರದಿಂದ ಬರುವವರಿಗೆ ರಾತ್ರಿ 8ಕ್ಕೆ ಡ್ಯೂಟಿ ಮುಗಿಸಿದ ಮಾರನೇ ದಿನವೇ ಬೆಳಿಗ್ಗೆ 8ಕ್ಕೆ ಹಾಕುವುದಿಲ್ಲ. ಹೊಸದಾಗಿ ಜನ ತಗೊಳ್ಳುವ ಮಾತು ಮ್ಯಾನೇಜ್‌ಮೆಂಟ್ ಮುಂದೆ ಇದೆ, ಸದ್ಯಕ್ಕೆ ಅಲ್ಲೇ ಇದೆ.

ಈಗ ನಮ್ಮ ನಡುವೆ ನಡೆಯುತ್ತಿರುವ ಜಗಳ ಡ್ಯೂಟಿ ಬದಲಿ ಮಾಡಿಕೊಳ್ಳುವ ಪುಟದ್ದು. ನನ್ನ ನೈಟ್ ನೀವು ತಗೊಳ್ಳಿ, ನಿಮ್ಮ ಭಾನುವಾರ ನಾನು ತಗೊಳ್ತೀನಿ ಅನ್ನುವುದನ್ನು ಆಪ್‌ನಲ್ಲೇ ಮಾಡುವ ಹಾಗೆ ಬೇಕಂತೆ. ಅದನ್ನು ಮಾಡಬೇಕಾದರೆ ಫೋನುಗಳು ಒಂದಕ್ಕೊಂದು ಮಾತಾಡಬೇಕು, ಸರ್ವರ್ ಬೇಕು, ಲಾಗಿನ್ ಬೇಕು, ಯಾರು ಯಾವಾಗ ಡ್ಯೂಟಿ ತಪ್ಪಿಸಿದರು ಅನ್ನುವ ಲೆಕ್ಕ ಎಲ್ಲೋ ಕೂರುತ್ತದೆ. ವಾಟ್ಸಾಪ್ ಗ್ರೂಪಿನಲ್ಲೇ ಮಾಡ್ಕೊಳ್ಳಿ ಅಂತ ನಾನು ಹೇಳುತ್ತಿದ್ದೇನೆ. ಮಧುಗಿರಿ ಸಿಸ್ಟರ್ ಒಪ್ಪುತ್ತಿಲ್ಲ. ಗ್ರೂಪಿನಲ್ಲಿ ಕೇಳಿದರೆ ಎಲ್ಲರೂ ನೋಡಿ ಸುಮ್ಮನಿರ್ತಾರೆ, ಆಪ್ ಆದ್ರೆ ಹೂಂ ಅಥವಾ ಉಹೂಂ ಒತ್ತಲೇಬೇಕಲ್ವಾ ಅನ್ನುವುದು ಅವರ ವಾದ. ರಟ್ಟಿನ ಮೇಲೆ ಬರೆದು ತರ್ತೀನಿ, ನೋಡೋಣ ಅಂದಿದ್ದೇನೆ.